ಓಡಿ ಬಂದವಳ ಎದೆಹಾಲು

ಆ ದಿನ ಹನುಮವ್ವನ ಮನೆಯಲ್ಲಿ ನಾವು ಐದು ಜನ ಇದ್ದೆವು, ಕೂಸನ್ನೂ ಸೇರಿಸಿದರೆ ಆರು. ಪಡಸಾಲೆಯ ಜಂತಿಗೆ ಹಗ್ಗ ಕಟ್ಟಿ ನನ್ನ ತೂಕದ ಕಾಟಾ ಇಳಿಬಿಟ್ಟಿದ್ದೆ. ಅದರ ಕೊಕ್ಕೆಗೆ ಸಿಕ್ಕಿಸಿದ ಬಟ್ಟೆಯ ಜೋಳಿಗೆಯಲ್ಲಿ ನಾಲ್ಕು ತಿಂಗಳ ಹೆಣ್ಣುಕೂಸು ಕಾಲು ಇಳಿಬಿಟ್ಟುಕೊಂಡು ತೂಗಾಡುತ್ತಿತ್ತು. ಅದರ ಪಕ್ಕದಲ್ಲಿ ತಾಯಿ ಮಾಯಕ್ಕ. ಎಲ್ಲರೂ ಮಾಯಾ ಎನ್ನುತ್ತಿದ್ದೆವು. ಮಾಯಾಳ ತಾಯಿ ಹನುಮವ್ವ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಹನುಮವ್ವನ ಮಾವ, ಊರಿಗೆಲ್ಲ ಮುತ್ಯಾ, ಹೊರಗಿನ ಕಟ್ಟೆಯ ಮೇಲೆ ಕುಳಿತು ಉಣ್ಣೆ ನೂಲುತ್ತಿದ್ದ. ಐದನೆಯವಳು ಆಶಾ ಕಾರ್ಯಕರ್ತೆ ಖಾಜಾಬಿ. ಕೂಸಿನ ಕಾರ್ಡು ಹಿಡಿದು, ನಾನು ಅಂಕಿ ಹೇಳುವುದನ್ನೇ ಕಾಯುತ್ತಿದ್ದಳು.

"ಐದು ಕಿಲೊ ಎಂಟುನೂರು," ಎಂದೆ.

ಖಾಜಾಬಿ ಬರೆಯಲಿಲ್ಲ. ಕಾರ್ಡನ್ನು ನನ್ನ ಕಡೆ ತಿರುಗಿಸಿ ಹೋದ ತಿಂಗಳ ಅಂಕಿಯ ಮೇಲೆ ಬೆರಳಿಟ್ಟಳು. ಅದೂ ಐದು ಕಿಲೊ ಎಂಟುನೂರೇ.

ಎದೆಹಾಲು ಕುಡಿಯುವ ಕೂಸು ಒಂದು ತಿಂಗಳಲ್ಲಿ ಗುಲಗಂಜಿಯಷ್ಟೂ ಏರಿರಲಿಲ್ಲ. ನಾನು ಮಾಯಾಳ ಮುಖ ನೋಡಿದೆ. ದುಂಡಗಿದ್ದ ಗಲ್ಲ ಇಳಿದು, ಕೊರಳ ಕೆಳಗಿನ ಎಲುಬು ಕಾಣುವಂತಾಗಿತ್ತು. ನನಗೆ ಎಲ್ಲ ತಿಳಿದುಹೋಯಿತು ಎನ್ನಿಸಿತು.

"ಏನ್ ಉಣ್ಣಾಕತ್ತಿ ನೀ?"

"ಎಲ್ಲಾ ಉಣ್ತೇನ್ರಿ ಬಾಯಾರ. ನೀವು ಹೇಳಿದಂಗನ."

"ಸುಳ್ಳ ಹೇಳಬ್ಯಾಡ. ಹೊಟ್ಟಿ ಕಟ್ಟಿ ಓಡಾಕತ್ತಿ. ನಿನ್ನ ಮೈ ಒಂದ ಕರಗಿಲ್ಲ, ಕೂಸಿನ ಹಾಲೂ ಕರಗೇತಿ. ನೌಕರಿ ಆಸೆಕ್ಕ ಕೂಸಿನ ಹೊಟ್ಟಿ ಮ್ಯಾಲ ಹೊಡಿತಿ ಏನು? ನಾಳಿಂದ ಓಟ ಬಂದ್ ಮಾಡು."

ಮಾಯಾ ಜೋಳಿಗೆಯಿಂದ ಕೂಸನ್ನೆತ್ತಿಕೊಂಡು ಒಳಗೆ ಹೋದಳು. "ನಾನೂ ಅದನ್ನ ಬಡಕೊಂಡೆ ನೋಡ್ರಿ, ನನ್ನ ಮಾತು ಯಾರು ಕೇಳ್ತಾರ," ಎಂದಳು ಹನುಮವ್ವ. ಹೊರಗೆ ನೂಲು ಎಳೆಯುತ್ತಿದ್ದ ಮುತ್ಯಾ ಕೈ ನಿಲ್ಲಿಸಿ ನನ್ನನ್ನು ಒಮ್ಮೆ ನೋಡಿದ.

ಮೂವತ್ತನಾಲ್ಕು ವರ್ಷ ಮನೆಮನೆ ತಿರುಗಿದ ನರ್ಸಬಾಯಿ ನಾನು. ಶುರುವಾದದ್ದು ಬಾದಾಮಿಯ ಹಳ್ಳಿಗಳಲ್ಲಿ. ಆಮೇಲೆ ಕೆರೂರಿನ ಸುತ್ತ, ಇಳಕಲ್ಲು, ಕೊನೆಗೆ ಗುಡೂರಿನ ಮಗ್ಗುಲಿನ ಈ ಸಣ್ಣ ಊರು. ಯಾವ ವರ್ಷ ಯಾವ ದರ್ಜೆಗೆ ಏರಿದೆ ಎಂದು ಯಾರಾದರೂ ಕೇಳಿದರೆ ಕಾಗದ ಹುಡುಕಬೇಕಾಗುತ್ತದೆ. ಯಾವ ಮನೆಯಲ್ಲಿ ಏನು ತಪ್ಪು ಮಾಡಿದೆ ಎಂಬುದು ಮಾತ್ರ ಕಾಗದವಿಲ್ಲದೆಯೂ ನೆನಪಿದೆ. ಈಗ ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತ, "ಹಾಲುಣಿಸೋ ತಾಯಿ ತೂಕ ಇಳಿಸಬೇಕು ಅಂದ್ರ ಏನ್ ಹೇಳಬೇಕ್ರಿ ಮೇಡಂ?" ಎಂದು ಕೇಳುತ್ತಾರೆ. ಅವರಿಗಾಗಿಯೇ ಇದನ್ನು ಬರೆಯಲು ಕುಳಿತಿದ್ದೇನೆ.

ನಾನು ಕೆಲಸಕ್ಕೆ ಸೇರಿದಾಗ ಆ ಪ್ರಶ್ನೆಯೇ ಇರಲಿಲ್ಲ. ಬಾಣಂತಿ ದಪ್ಪಗಾದಷ್ಟೂ ತವರಿಗೆ ಮರ್ಯಾದೆ. ಐದು ತಿಂಗಳು ತುಂಬಿ ಗಂಡನ ಮನೆಗೆ ಹೊರಟ ಮಗಳನ್ನು ನೋಡಿ ಬೀಗತಿ "ಚಲೋ ಬಾಣಂತನ ಮಾಡೀರಿ" ಎನ್ನಬೇಕಾದರೆ ಹಳೆಯ ಕುಪ್ಪಸ ಒಂದೂ ಅವಳ ತೋಳಿಗೆ ಏರಬಾರದು. ನನಗೆ ಮಾತು ಕಲಿಸಿದವಳು ನನ್ನ ಅಜ್ಜಿ, ಬಾದಾಮಿಯ ಸಾಲಿ ಮಾಸ್ತರರ ಮನೆತನದವಳು. ಅವಳು ಹೇಳುತ್ತಿದ್ದಳು: "ಹಡದಾಕಿ ಮೈ ಅಂದ್ರ ಹಸಿ ಗ್ವಾಡಿ. ಒಣಗೂತನ ಅದರ ಮ್ಯಾಲ ಮಾಳಿಗಿ ಹೇರಬಾರದು." ಒಣಗಲು ಎಷ್ಟು ದಿನ ಬೇಕು ಎಂಬುದನ್ನು ಮಾತ್ರ ಅವಳು ಎಂದೂ ಹೇಳಲಿಲ್ಲ.

ಆ ಪ್ರಶ್ನೆಯನ್ನು ನನಗೆ ಮೊದಲು ಕೇಳಿದವರು ಇಳಕಲ್ಲಿನ ಒಬ್ಬ ಹೈಸ್ಕೂಲು ಶಿಕ್ಷಕಿ. ಮೂರನೆಯ ತಿಂಗಳಿಗೆ ರಜೆ ಮುಗಿಯುವುದರಲ್ಲಿತ್ತು. "ಬಾಯಾರ, ಮಕ್ಕಳ ಮುಂದ ಹಿಂಗ ಹೆಂಗ ನಿಲ್ಲಲಿ? ಬೋರ್ಡಿನ ಅರ್ಧಾ ನನ್ನ ಬೆನ್ನ ಮುಚ್ಚತೇತಿ," ಎಂದರು. ನಾನು ಆಗ ಹುರುಪಿನಲ್ಲಿದ್ದೆ. ಪತ್ರಿಕೆಯಲ್ಲಿ ಬಂದಿದ್ದ ಊಟದ ಪಟ್ಟಿಯೊಂದನ್ನು ಕತ್ತರಿಸಿ ಕೊಟ್ಟೆ. ಅದು ಯಾರಿಗಾಗಿ ಬರೆದದ್ದೋ, ಹಾಲುಣಿಸುವವಳಿಗಂತೂ ಅಲ್ಲ. ಬೆಳಿಗ್ಗೆ ನಿಂಬೆಹಣ್ಣಿನ ನೀರು, ಮಧ್ಯಾಹ್ನ ಒಂದೇ ರೊಟ್ಟಿ, ಸಂಜೆ ಪಪ್ಪಾಯಿ. ಶಿಕ್ಷಕಿಯರು ಹೇಳಿದ್ದನ್ನು ತಪ್ಪದೆ ಮಾಡುವ ಜನ. ಹದಿನೈದನೆಯ ದಿನ ಶಾಲೆಯ ಪ್ರಾರ್ಥನೆಗೆ ನಿಂತಲ್ಲೇ ಕಣ್ಣು ಕತ್ತಲೆ ಬಂದು ಬಿದ್ದರು. ಅಷ್ಟರಲ್ಲಿ ಹಾಲೂ ಕಡಿಮೆಯಾಗಿತ್ತು. ಅದನ್ನು ಮತ್ತೆ ತರಲು ತಿಂಗಳು ಹಿಡಿಯಿತು.

ನಮ್ಮ ಮೇಲಿನ ಅಧಿಕಾರಿಣಿಯನ್ನು ಎಲ್ಲರೂ ದೊಡ್ಡ ಬಾಯಾರು ಎನ್ನುತ್ತಿದ್ದೆವು. ಕನ್ನಡಕದ ಮೇಲಿಂದ ನೋಡುವ ಹೆಂಗಸು. ನನ್ನನ್ನು ಕರೆಸಿ ಆ ಪಟ್ಟಿ ಕೈಯಲ್ಲಿ ಹಿಡಿದು ಕೇಳಿದರು: "ಆಕಿ ಮನಿಯೊಳಗ ಎಷ್ಟೊತ್ತು ಕುಂತಿದ್ದಿ?"

"ಹತ್ತು ಮಿನಿಟ್ರಿ."

"ಕೂಸು ಹಾಲು ಕುಡ್ಯೂದನ್ನ ನೋಡೀದಿ?"

"ಇಲ್ರಿ."

"ಮತ್ತ ಏನ್ ನೋಡಿ ಕೊಟ್ಟಿ ಇದನ್ನ, ಪೇಪರ್ ನೋಡಿ?"

ಅವರು ಬೈದದ್ದು ಅಷ್ಟೇ. ಆದರೆ ನಾನು ಕಲಿತದ್ದು ಬೇರೆಯೇ ಪಾಠ. ಕುಳಿತು ನೋಡು ಎಂದು ಅವರು ಹೇಳಿದರೆ, ತೂಕ ಇಳಿಸುವ ಮಾತಿಗೇ ಹೋಗಬಾರದು ಎಂದು ನಾನು ತಿಳಿದುಕೊಂಡೆ. ಮುಂದೆ ಎಷ್ಟೋ ವರ್ಷ ಯಾವ ತಾಯಿ ಕೇಳಿದರೂ "ಹಾಲು ಬಿಡಿಸಿದ ಮ್ಯಾಲ ನೋಡೂಣಂತ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಒಮ್ಮೆ ಕೈ ಸುಟ್ಟುಕೊಂಡವಳಿಗೆ ಎಲ್ಲ ಒಲೆಯೂ ಒಂದೇ.

ಮಾಯಾ ನನ್ನ ಸೇವೆಯ ಕೊನೆಯ ವರ್ಷದಲ್ಲಿ ಸಿಕ್ಕವಳು. ಕುರಿಗಾರರ ದೇವರಾದ ಬೀರಪ್ಪನ ಒಕ್ಕಲಿನ ಮನೆ. ಅಪ್ಪ ಇವತ್ತಿಗೂ ಕುರಿ ಕಾಯುತ್ತಾನೆ. ಕೊಟ್ಟದ್ದು ಕೆರೂರಿಗೆ. ಗಂಡನದು ಅಲ್ಲಿ ಗೊಬ್ಬರದ ಅಂಗಡಿಯಲ್ಲಿ ಕೆಲಸ. ಬಸುರಿಯಿದ್ದಾಗಲೇ ಪೊಲೀಸ್ ಕೆಲಸದ ಲಿಖಿತ ಪರೀಕ್ಷೆ ಬರೆದು, ಹೆರಿಗೆಗೆ ತವರಿಗೆ ಬಂದಿದ್ದಳು. ಹೆರಿಗೆಯಾದ ಇಪ್ಪತ್ತು ದಿನಕ್ಕೆ ಪಾಸಾದ ಸುದ್ದಿ ಬಂತು. ಇನ್ನು ಉಳಿದದ್ದು ಮೈದಾನದ ಪರೀಕ್ಷೆ. ಅದಕ್ಕೆ ಕರೆ ಯಾವಾಗ ಬರುತ್ತದೋ ಗೊತ್ತಿಲ್ಲ, ನಾಲ್ಕೈದು ತಿಂಗಳಲ್ಲಿ ಬರಬಹುದು. ಮುಂದಿನ ಸಲಕ್ಕೆ ಅವಳ ವಯಸ್ಸಿನ ಮಿತಿ ದಾಟುತ್ತಿತ್ತು.

"ಇದ ಕಡೀದ್ರಿ ಬಾಯಾರ," ಎಂದಳು ನನ್ನ ಹತ್ತಿರ. "ನಾನೂರು ಮೀಟರ್ ಓಡಬೇಕು. ಈಗ ನನಗ ಬಚ್ಚಲತನಕ ನಡದ್ರ ಏದು ಬರ್ತೇತಿ. ಬಸರಾದಾಗ ಹದಿನೈದು ಕಿಲೊ ಏರಿತ್ತು. ಹಡದ ಮ್ಯಾಲ ಇಳದದ್ದು ಈ ಉಂಡಿ ತಿಂದು ಮತ್ತ ಹೊಳ್ಳಿ ಬಂದೈತಿ."

ಬಾಯಿಗೆ ಬಂದದ್ದು ನನ್ನ ಹಳೆಯ ಮಾತೇ: "ಹಾಲು ಬಿಡಿಸಿದ ಮ್ಯಾಲ—"

"ಹಾಲು ಬಿಡಸಂಗಿಲ್ರಿ. ಓಡೂದೂ ಬಿಡಂಗಿಲ್ಲ. ಎರಡೂ ಹೆಂಗ ಮಾಡಬೇಕು ಅದನ್ನ ಹೇಳ್ರಿ. ನೀವು ಹೇಳಲಿಲ್ಲಂದ್ರ ಮೊಬೈಲಿನ್ಯಾಗ ಯಾರ ಹೇಳ್ತಾರೋ ಅದನ್ನ ಮಾಡ್ತೇನಿ."

ಕೊನೆಯ ಮಾತಿಗೆ ನಾನು ಹೆದರಿದೆ. ಮೊಬೈಲಿನಲ್ಲಿ ನನ್ನ ಆ ಪತ್ರಿಕೆಯ ಪಟ್ಟಿಯಂಥವು ಸಾವಿರ ಇರುತ್ತವೆ. ಮರುದಿನ ಅವಳನ್ನು ಗುಡೂರಿನ ದವಾಖಾನೆಗೆ ಕರೆದುಕೊಂಡು ಹೋದೆ. ನಮ್ಮ ವೈದ್ಯರು ನನ್ನ ಮಗನ ವಯಸ್ಸಿನವರು. ರಕ್ತ ನೋಡಿದರು, ಹೊಲಿಗೆ ಮಾದಿದೆಯೋ ಎಂದು ನೋಡಿಸಿದರು. ನನ್ನ ಕಡೆ ತಿರುಗಿ, "ಯಾಕ್ರಿ ಸಿಸ್ಟರ್, ಹಾಲುಣಿಸೋರು ಓಡಬಾರದು ಅಂತ ಯಾರ ಹೇಳ್ಯಾರ? ಅವಸರ ಮಾಡಬಾರದು, ಉಪಾಸ ಬೀಳಬಾರದು, ಅಷ್ಟ," ಎಂದರು. ಅಷ್ಟು ವರ್ಷ ನಾನೇ ಹೇಳುತ್ತ ಬಂದಿದ್ದೆ. ಆ ಮಾತನ್ನು ನುಂಗಿಕೊಂಡೆ.

ಹಾಗೆ ನಮ್ಮ ಕೆಲಸ ಶುರುವಾಯಿತು. ಮೂರು ತಿಂಗಳು ತುಂಬುವವರೆಗೆ ಬರೀ ನಡಿಗೆ, ಮೊದಲು ಓಣಿಯ ತುದಿಯವರೆಗೆ, ಆಮೇಲೆ ಶಾಲೆಯವರೆಗೆ. ನಾಲ್ಕನೆಯ ತಿಂಗಳಿಂದ ಶಾಲೆಯ ಬಯಲಿನಲ್ಲಿ ಓಟ. ಹಸಿವಾದರೆ ಉಣ್ಣಬೇಕು. ರೊಟ್ಟಿ, ಬೇಳೆ, ಸೊಪ್ಪು, ಮೊಸರು, ಮೊಳಕೆಕಾಳು ಯಾವುದೂ ಬಿಡುವ ಹಾಗಿಲ್ಲ. ಬಿಡುವುದಿದ್ದರೆ ಅನ್ನದ ಮೇಲೆ ಸುರಿಯುವ ತುಪ್ಪದ ಧಾರೆ ಮತ್ತು ಉಂಡಿ. ಹೊಟ್ಟೆ ಬರುತ್ತದೆ ಎಂದು ಬಾಣಂತಿಗೆ ನೀರನ್ನು ಅಳೆದು ಕೊಡುವುದು ನಮ್ಮ ಕಡೆಯ ರೂಢಿ. ಅದನ್ನು ಬಿಡಿಸಲು ನಾನು ಹನುಮವ್ವನ ಜೊತೆ ಒಂದು ವಾರ ಜಗಳಾಡಿದೆ. ವಾರಕ್ಕೆ ಅರ್ಧ ಕಿಲೊ ಇಳಿದರೆ ಸಾಕು, ಅದಕ್ಕಿಂತ ಹೆಚ್ಚು ಇಳಿದರೆ ನನಗೆ ಹೇಳಬೇಕು ಎಂದು ಮಾಯಾಳಿಂದ ಮಾತು ತೆಗೆದುಕೊಂಡಿದ್ದೆ.

ನೀರಿಗಿಂತ ಕಷ್ಟವಾದದ್ದು ಉಂಡಿ. ಕೂಸು ನೋಡಲು ಬಂದವರು ಬರಿಗೈಲಿ ಬರುವುದಿಲ್ಲ. ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪ ಹಾಕಿ ಕಟ್ಟಿದ ಉಂಡಿಯ ಡಬ್ಬಿ ತರುತ್ತಾರೆ. ತಂದವರ ಎದುರಿಗೇ ಬಾಣಂತಿ ಒಂದನ್ನಾದರೂ ತಿನ್ನಬೇಕು. ತಿನ್ನದಿದ್ದರೆ ತಂದವಳ ಕೈಗುಣಕ್ಕೆ ಅವಮಾನ. ಕೆಲವು ದಿನ ಮೂರು ಮನೆಯವರು ಬಂದರೆ ಮೂರು ಉಂಡಿ. ಇದಕ್ಕೆ ದಾರಿ ಹುಡುಕಿದವಳು ಖಾಜಾಬಿ. "ಚೂರು ಮುರದು ಬಾಯಾಗ ಹಾಕ್ಕೊ, 'ಕೂಸು ಅಳಾಕತ್ತೇತಿ' ಅಂತ ಒಳಗ ಹೋಗು. ಉಳದದ್ದು ಮುತ್ಯಾಗ." ಹಲ್ಲಿಲ್ಲದ ಮುತ್ಯಾ ಉಂಡಿಯನ್ನು ಚಹಾದಲ್ಲಿ ನೆನೆಸಿ ತಿನ್ನುತ್ತಿದ್ದ. "ಮೊಮ್ಮಗಳು ಹಡದ್ಲು, ಬಾಣಂತನ ನನಗ ಆತು," ಎಂದು ಕಟ್ಟೆಯ ಮೇಲೆ ಕುಳಿತು ಊರಿಗೆಲ್ಲ ಹೇಳಿಕೊಂಡ.

ಎಲ್ಲ ಸರಿಯಾಗಿ ನಡೆದಿತ್ತು. ಮಾಯಾಳ ತೂಕ ನಿಧಾನಕ್ಕೆ ಇಳಿಯುತ್ತಿತ್ತು. ಕೂಸಿನ ತೂಕ ಏರುವುದು ನಿಂತದ್ದು ಅವಳು ಓಡಲು ತೊಡಗಿದ ತಿಂಗಳಲ್ಲಿ. ಜೋಳಿಗೆ ತೂಗಿದ ಆ ದಿನ ನನ್ನ ಕಣ್ಣಿಗೆ ಕಂಡದ್ದು ಇಳಕಲ್ಲಿನ ಶಿಕ್ಷಕಿ ಬಿದ್ದ ಶಾಲೆಯ ಅಂಗಳ. ಅದಕ್ಕೇ ಆ ಬೈಗುಳ.

ಮಾಯಾ ನಾನು ಹೇಳಿದಂತೆ ಓಟ ನಿಲ್ಲಿಸಿದಳು. ಹದಿನೈದು ದಿನ ಬಿಟ್ಟು ತೂಗಿದರೆ ಕೂಸು ಮುನ್ನೂರು ಗ್ರಾಂ ಏರಿತ್ತು. ನಾನು ಗೆದ್ದವಳ ಹಾಗೆ ಖಾಜಾಬಿಯ ಕಡೆ ನೋಡಿದೆ. "ನೋಡಿದ್ಯಾ?" ಎಂದೆ. ಖಾಜಾಬಿ "ನೋಡಿದೆ" ಎಂದಳು. ಮಾಯಾ ಕೂಸಿಗೆ ಅಂಗಿ ತೊಡಿಸುತ್ತ ನನಗೆ ಕೇಳುವಂತೆ ಹೇಳಿದಳು:

"ನಾ ಉಣ್ಣೂದ್ರಾಗ ಏನೂ ಬದಲ ಮಾಡಿಲ್ರಿ ಬಾಯಾರ. ಆಗೂ ಅಷ್ಟ ಉಣ್ತಿದ್ದೆ, ಈಗೂ ಅಷ್ಟ ಉಣ್ತೇನಿ."

ಮತ್ತೆ ಓಡುತ್ತೇನೆ ಎಂದೂ ಹೇಳಿದಳು. ನನ್ನನ್ನು ಕೇಳಲಿಲ್ಲ, ತಿಳಿಸಿದಳು ಅಷ್ಟೇ. ನನಗೆ ಸಿಟ್ಟು ಬಂತು. ಕಾರ್ಡಿನಲ್ಲಿ 'ತಾಯಿ ಸಲಹೆ ಪಾಲಿಸುತ್ತಿಲ್ಲ' ಎಂದು ಬರೆದು ಬಂದೆ. ಆಮೇಲಿನ ಎರಡು ವಾರ ಕೂಸಿನ ತೂಕದ ಮುಳ್ಳು ಮತ್ತೆ ಅಲ್ಲಾಡಲಿಲ್ಲ. ಮೈದಾನಕ್ಕೆ ಕರೆಯ ಪತ್ರ ಬಂದದ್ದೂ ಆಗಲೇ. ಉಳಿದದ್ದು ಒಂದೂವರೆ ತಿಂಗಳು.

ಆ ವಾರ ಮಾಯಾ ನಮ್ಮ ಆರೋಗ್ಯ ಉಪಕೇಂದ್ರಕ್ಕೆ ತಾನೇ ನಡೆದು ಬಂದಳು. ಕೂರಲಿಲ್ಲ.

"ಬಾಯಾರ, ನೀವು ನನ್ನ ಸುಳ್ಳಾಕಿ ಅಂದ್ರಿ. ಅನ್ರಿ. ಆದ್ರ ಒಂದ ದಿನ ನಮ್ಮ ಮನ್ಯಾಗ ಮುಂಜಾನಿಂದ ಮಧ್ಯಾನತನ ಕುಂಡ್ರರಿ. ಏನ್ ಉಣ್ತೇನಿ, ಎಷ್ಟ ಓಡ್ತೇನಿ, ಎಷ್ಟ ಸಲ ಕುಡಸ್ತೇನಿ, ಎಲ್ಲಾ ನೋಡ್ರಿ. ಆಮ್ಯಾಲ ಓಟ ಬಿಡು ಅಂದ್ರ ಬಿಡ್ತೇನಿ. ಪರೀಕ್ಷಾನೂ ಬಿಡ್ತೇನಿ."

ಅಷ್ಟು ದೊಡ್ಡದನ್ನು ಅವಳು ನನ್ನ ಕೈಗಿಟ್ಟ ಮೇಲೆ ಹೋಗದೆ ಇರಲು ಬರುವುದಿಲ್ಲ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವರ ಕಟ್ಟೆಯ ಮೇಲೆ ಮುತ್ಯಾನ ಪಕ್ಕದಲ್ಲಿ ಕುಳಿತಿದ್ದೆ.

ಮಾಯಾ ಒಂದು ಲೋಟ ಹಾಲು, ಅರ್ಧ ರೊಟ್ಟಿ ತಿಂದು ಹೊರಟಳು. ಕೂಸು ಮಲಗಿತ್ತು. ಮುಕ್ಕಾಲು ತಾಸಿನ ನಂತರ ಬೆವರು ಸುರಿಸುತ್ತ ಬಂದಳು. ಅಷ್ಟರಲ್ಲಿ ಕೂಸು ಎದ್ದು ಬಾಯಿ ಚಪ್ಪರಿಸುತ್ತಿತ್ತು. ಕುಡಿಸುತ್ತಾಳೆ ಎಂದು ನಾನೂ ಒಳಗೆ ಬಂದು ಕಾಯುತ್ತಿದ್ದೆ. ಮಾಯಾ ಕೂಸಿನ ಕಡೆ ಹೋಗಲಿಲ್ಲ, ನೇರವಾಗಿ ಬಚ್ಚಲಿಗೆ ಹೋದಳು. ಹನುಮವ್ವ ಒಂದು ಬಟ್ಟಲು ಹಿಡಿದು ಅವಳ ಹಿಂದೆ ಹೋದಳು. ಸ್ವಲ್ಪ ಹೊತ್ತಿಗೆ ಆ ಬಟ್ಟಲನ್ನು ತಂದು, ಯಾರೂ ತುಳಿಯದ ಜಾಗ ನೋಡಿ, ಹಿತ್ತಲಿನ ಕರಿಬೇವಿನ ಬುಡಕ್ಕೆ ಸುರಿದಳು. ಬಟ್ಟಲು ತುಂಬ ಹಾಲು. ಒಳಗೆ ಬಂದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಆಡಿನ ಹಾಲಿಗೆ ನೀರು ಬೆರೆಸಿದ್ದನ್ನು ಚಿಕ್ಕ ಮೂತಿಯ ಒಳಲೆಯಿಂದ ಅದರ ಬಾಯಿಗೆ ಬಿಟ್ಟಳು. ಕೂಸು ಹೊಟ್ಟೆ ತುಂಬಿದ ಹಾಗೆ ಕಣ್ಣು ಮುಚ್ಚಿತು. ಮಾಯಾ ಜಳಕ ಮಾಡಿ, ಮೈ ಆರಿಸಿಕೊಂಡು ಬರುವಷ್ಟರಲ್ಲಿ ಅದು ಗಾಢ ನಿದ್ದೆಯಲ್ಲಿತ್ತು. ಸಂಜೆಯ ಓಟಕ್ಕೂ ಇದೇ ಕ್ರಮವಂತೆ.

"ಹನುಮವ್ವ, ಆ ಹಾಲು ಯಾಕ ಚೆಲ್ಲಿದಿ?"

ಅವಳು ನನ್ನನ್ನು ಮರುಳಿಯನ್ನು ನೋಡುವಂತೆ ನೋಡಿದಳು. "ಕಾದ ಹಾಲು ಅಲ್ರಿ ಅದು? ಓಡಿ ಬಂದ ಮೈಯಾಗಿನ ಹಾಲು ಕೊಟ್ರ ಕೂಸಿಗೆ ಭೇದಿ ಹತ್ತತೇತಿ. ಹೊಲದಿಂದ ಬಂದಾಕಿ ಹಿಂಡಿ ಚೆಲ್ಲಲಾರದ ಕುಡಸ್ತಾಳೇನ್ರಿ?"

"ನನಗ ಯಾಕ ಹೇಳಲಿಲ್ಲ?"

"ಅದೇನ್ ಹೇಳೂದು ಬಾಯಾರ. ಎಲ್ಲಾರೂ ಮಾಡೂದು."

ಮಾಯಾ ತಲೆ ಒರೆಸಿಕೊಳ್ಳುತ್ತ ನಿಂತಿದ್ದಳು. "ನಿಮಗ ಗೊತ್ತೈತಿ ಅಂದ್ಕೊಂಡಿದ್ದೆನ್ರಿ," ಎಂದಳು.

ನನಗೆ ಗೊತ್ತಿತ್ತು, ಅದೇ ನಾಚಿಕೆ. ಶೇಂಗಾ ಕೀಳಲು ಹೋದ ಹೆಂಗಸರು ಮಧ್ಯಾಹ್ನದ ಬಿಸಿಲಲ್ಲಿ ಮನೆಗೆ ಬಂದು, ಗೋಡೆಗೆ ಹಾಲು ಹಿಂಡಿ ಆಮೇಲೆ ಕೂಸನ್ನು ಎತ್ತಿಕೊಳ್ಳುವುದನ್ನು ಬಾದಾಮಿಯ ಹಳ್ಳಿಗಳಲ್ಲಿ ನೂರು ಸಲ ನೋಡಿದ್ದೆ. ಬಿಡಿಸಿಯೂ ಇದ್ದೆ. ಆದರೆ ಮುಂಜಾನೆಯ ತಂಪಿನಲ್ಲಿ ಪ್ಯಾಂಟು ಬೂಟು ಹಾಕಿ ಓಡುವ ಓದಿದ ಹುಡುಗಿಯ ಮನೆಯಲ್ಲೂ ಅದು ಇರಬಹುದೆಂದು ಹೊಳೆದಿರಲಿಲ್ಲ. ಆಗ ನಮ್ಮ ಕೈಗೆ ಟ್ಯಾಬ್ ಬಂದಿತ್ತು. 'ಎದೆಹಾಲು ಮಾತ್ರವೇ?' ಎಂಬ ಪ್ರಶ್ನೆಗೆ ಹೌದು, ಇಲ್ಲ ಎರಡೇ ಗುಂಡಿ. ನಾನು ಕೇಳಿದಾಗ ಹನುಮವ್ವ "ಹೂಂನ್ರಿ" ಎಂದಿದ್ದಳು, ನಾನು ಹೌದು ಒತ್ತಿದ್ದೆ. ಅವಳ ಲೆಕ್ಕದಲ್ಲಿ ಒಳಲೆಯ ಹಾಲು ಕೂಸನ್ನು ಸುಮ್ಮನಿರಿಸುವುದಕ್ಕೆ, ಹೊಟ್ಟೆಗಲ್ಲ. ಸುಳ್ಳು ಯಾರೂ ಹೇಳಿರಲಿಲ್ಲ. ಓಟ ನಿಂತಾಗ ಕೂಸು ಏರಿದ್ದು ಯಾಕೆ ಎಂಬುದೂ ಈಗ ತಿಳಿಯಿತು. ಓಟವಿಲ್ಲದ ದಿನ ಚೆಲ್ಲುವ ಹಾಲಿಲ್ಲ, ಒಳಲೆಯೂ ಇಲ್ಲ.

ನಾನು ಹನುಮವ್ವನಿಗೆ ಅರ್ಧ ತಾಸು ಹೇಳಿದೆ. ಎದೆಯಲ್ಲಿರುವ ಹಾಲು ಕಾಯುವುದಿಲ್ಲ, ಕೆಡುವುದಿಲ್ಲ, ದಿನಕ್ಕೆ ಎರಡು ಹೊತ್ತಿನ ಹಾಲು ಕರಿಬೇವಿಗೆ ಹೋದರೆ ಕೂಸಿಗೆ ಏನು ಉಳಿಯುತ್ತದೆ, ನೀರು ಬೆರೆಸಿದ ಹಾಲೇ ಭೇದಿಗೆ ದಾರಿ. ಅವಳು ಕೇಳಿಸಿಕೊಂಡು "ಹೂಂ" ಎಂದಳು. ಆ ಹೂಂ ನನಗೆ ಚೆನ್ನಾಗಿ ಗೊತ್ತು. ನರ್ಸಬಾಯಿ ಬಸ್ಸು ಹತ್ತುವವರೆಗಿನ ಹೂಂ ಅದು.

ಆಗ ಹೊರಗಿನಿಂದ ಮುತ್ಯಾ ಕೇಳಿದ: "ಏ ತಂಗಿ, ಏನ್ ಗದ್ದಲ ಅದು?"

ಹೊರಗೆ ಬಂದು ಹೇಳಿದೆ. ಮುದುಕ ನೂಲಿನ ಕದರನ್ನು ತೊಡೆಯ ಮೇಲಿಟ್ಟುಕೊಂಡು ಪೂರ್ತಿ ಕೇಳಿದ. ಬಾಗಿಲ ಮರೆಯಲ್ಲಿ ಹನುಮವ್ವ ಸೆರಗು ತಲೆಗೆ ಎಳೆದುಕೊಂಡು ನಿಂತಳು. ಮಾವನ ಎದುರು ಅವಳು ಮಾತಾಡುವವಳಲ್ಲ.

"ಕುರಿ ಮುಂಜಾನಿ ಹೋದದ್ದು ಸಂಜಿಗೆ ಬರ್ತೇತಿ," ಎಂದ ಮುತ್ಯಾ. "ದಿನಾ ಬಿಸಲಾಗ ಹರದಾರಿ ಗಟ್ಟಲೆ ಅಡ್ಡಾಡಿ. ಮರಿ ದಡ್ಡ್ಯಾಗ ಕಟ್ಟಿರ್ತೇವಿ. ಕುರಿ ಬಂದ ಗದ್ದಲಕ್ಕ ಮರಿ ಹಗ್ಗಾ ಹರಕೊಂಡು ಓಡತೇತಿ, ಹೋಗಿ ಮಲಿಗೆ ಬಾಯಿ ಹಾಕತೇತಿ. ಎಪ್ಪತ್ತು ವರ್ಷ ನೋಡೇನಿ. ಕುರಿ ಆರಲಿ, ಆಮ್ಯಾಲ ಬಿಡ್ತೇನಿ ಅಂತ ನಾ ಯಾವ ಮರೀನೂ ಹಿಡದಿಲ್ಲ. ಕಾದ ಹಾಲು ಕುಡದು ಯಾವ ಮರಿ ಸತ್ತೈತಿ, ಹೇಳು."

ಬಾಗಿಲ ಮರೆಯಿಂದ ಮೆಲ್ಲಗೆ ಬಂತು: "ಕುರಿ ಬ್ಯಾರೆ, ಮನಷ್ಯಾರು ಬ್ಯಾರೆ ಅಂತ ಹೇಳ್ರಿ ಬಾಯಾರ."

ಮುತ್ಯಾನಿಗೆ ಕೇಳಿಸಿತು. "ಮನಷ್ಯಾರದೂ ಹೇಳ್ತೇನಿ. ನಿನ್ನ ಗಂಡನ್ನ ಹಡದಾಗ ನಿಮ್ಮತ್ತಿ ನನ್ನ ಕೂಡ ವಲಸಿ ಬಂದಿದ್ಲು. ಕೂಸು ಬೆನ್ನಿಗೆ, ಬುಟ್ಟಿ ತಲಿ ಮ್ಯಾಲ, ದಿನಾ ಕುರಿ ಹಿಂದ ನಡಿಗಿ. ಗಿಡದ ನೆಳ್ಳು ಸಿಕ್ಕ ಕೂಡಲೆ ಕುಂತು ಕುಡಸಾಕಿ. ಹಿಂಡಿ ಚೆಲ್ಲಾಕ ಆಕಿಗೆ ಪುರುಸೊತ್ತ ಎಲ್ಲಿತ್ತು? ಅಲ್ಲಿ ಒಳಲೆ ಯಾರ ತಂದಿದ್ರು? ಬೀರಪ್ಪನ ಆಣಿ ಮಾಡಿ ಹೇಳ್ತೇನಿ, ಆ ಹಾಲಾಗ ಬೆಳದಾವನ ನಿನ್ನ ಗಂಡ. ನೋಡು, ಕ್ವಾಣ ಇದ್ದಂಗ ಅದಾನ."

ಮಾಯಾ ಬಾಯಿಗೆ ಟವೆಲ್ ಒತ್ತಿಕೊಂಡಳು. ಹನುಮವ್ವನಿಗೂ ನಗು ಬಂದಿರಬೇಕು, ಸೆರಗು ಇನ್ನಷ್ಟು ಮುಂದಕ್ಕೆ ಬಂತು. ಆಮೇಲೆ ನನ್ನ ಕಡೆ ಮುಖ ಮಾಡಿ ಕರಾರು ಹಾಕಿದಳು: "ಮೂರು ದಿನ ನೋಡ್ತೇನಿ. ಕೂಸಿಗೆ ಒಂದ ಸಲ ನೀರಂಗ ಆದ್ರೂ ನಾ ಯಾರ ಮಾತೂ ಕೇಳಂಗಿಲ್ಲ. ಓಟಾನೂ ಇಲ್ಲ, ಪರೀಕ್ಷಾನೂ ಇಲ್ಲ."

"ಆತು," ಎಂದಳು ಮಾಯಾ, ನಾನು ಬಾಯಿ ತೆರೆಯುವ ಮೊದಲೇ.

ಕ್ರಮ ಹೀಗೆಂದು ಗೊತ್ತುಮಾಡಿದೆವು. ಓಡಲು ಹೋಗುವ ಮೊದಲು ಕೂಸನ್ನು ಎಬ್ಬಿಸಿ ಕುಡಿಸುವುದು. ಎದೆ ಹಗುರಾಗಿ ಅವಳಿಗೂ ಓಡಲು ಸಲೀಸು. ಬಂದ ಮೇಲೆ ಒಂದು ತಂಬಿಗೆ ನೀರು ಕುಡಿದು, ಒದ್ದೆ ಬಟ್ಟೆಯಿಂದ ಬೆವರು ಒರೆಸಿಕೊಂಡು ಮತ್ತೆ ಕುಡಿಸುವುದು. ಆ ಒದ್ದೆ ಬಟ್ಟೆಯ ಜವಾಬ್ದಾರಿಯನ್ನು ಹನುಮವ್ವನಿಗೇ ಕೊಟ್ಟೆ. ಕೈಯಲ್ಲಿದ್ದ ಬಟ್ಟಲನ್ನು ಕಸಿದುಕೊಂಡರೆ ಅಲ್ಲಿ ಬೇರೆ ಏನಾದರೂ ಇಡಬೇಕು. ಹೊಸ ಹುಡುಗಿಯರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ.

ಮೂರೂ ದಿನ ನಾನು ಅಲ್ಲಿಗೆ ಹೋದೆ. ಹನುಮವ್ವ ಕೂಸು ಹೊಲಸು ಮಾಡಿದ ದುಪಟಿ ಬಟ್ಟೆಗಳನ್ನು ತೊಳೆಯದೆ ಸಾಲಾಗಿ ಇಟ್ಟು ನನಗೆ ತೋರಿಸುತ್ತಿದ್ದಳು, ಸಾಕ್ಷಿ ಹೇಳಿಸುವವರ ಹಾಗೆ. ಎರಡನೆಯ ದಿನ ಒಂದರ ಬಣ್ಣದ ಬಗ್ಗೆ ವಾದವಾಯಿತು. ಖಾಜಾಬಿಯನ್ನು ಪಂಚಾಯ್ತಿಗೆ ಕರೆದೆವು. ಅವಳು ಮೂಗು ಮುಚ್ಚಿಕೊಂಡು ಬಗ್ಗಿ ನೋಡಿ, "ಇದು ಅಪ್ಪಟ ಬಂಗಾರ. ಇದಕ್ಕ ಭೇದಿ ಅಂದ್ರ ಪಾಪ ಬರ್ತೇತಿ," ಎಂದು ತೀರ್ಪು ಕೊಟ್ಟಳು. ನಾಲ್ಕನೆಯ ದಿನ ಹನುಮವ್ವ ಒಳಲೆಯನ್ನು ತೊಳೆದು ಮೇಲಿನ ಮಾಡದಲ್ಲಿ ಇಟ್ಟಳು.

ಎರಡು ವಾರಕ್ಕೆ ಜೋಳಿಗೆ ಕಟ್ಟಿದೆ. ಮೊದಲಿನ ಐವರೂ ಅಲ್ಲೇ ಇದ್ದೆವು. ಆರು ಕಿಲೊ ನಾನೂರು, ಎಂದರೆ ಮತ್ತೆ ಮುನ್ನೂರು ಗ್ರಾಂ ಏರಿಕೆ. ಖಾಜಾಬಿ ಎರಡು ಸಲ ಕೇಳಿ ಬರೆದುಕೊಂಡಳು. ನಾನು ಮೊದಲು ಬರೆದಿದ್ದ ಸಾಲನ್ನು ಕಾರ್ಡಿನಲ್ಲಿ ಅವರ ಎದುರೇ ಹೊಡೆದುಹಾಕಿದೆ. ಬೈದದ್ದು ನಾಲ್ಕು ಜನರ ಮುಂದೆ; ತಪ್ಪೊಪ್ಪುವುದೂ ಅಲ್ಲೇ ಆಗಬೇಕು.

"ಮಾಯಾ, ಅವತ್ತು ನಾ ಅಂದದ್ದು ತಪ್ಪು. ನಿನ್ನ ಮಾತು ನಂಬಬೇಕಿತ್ತು. ನೋಡಲಾರದ ಮಾತಾಡಿದೆ."

ಮಾಯಾ ಕೂಸಿನ ಕಾಲಿಗೆ ಅಂಟಿದ್ದ ದಾರ ಬಿಡಿಸುತ್ತಿದ್ದಳು. "ಹೋಗಲಿ ಬಿಡ್ರಿ," ಎಂದಳು ಕೊನೆಗೆ. "ನನ್ನ ಹದಿನೈದು ದಿನ ಹೋದುವು, ಅಷ್ಟ." ಆ ಹದಿನೈದು ದಿನದ ಬೆಲೆ ನನಗೆ ಗೊತ್ತಿತ್ತು. ನಾನೂರು ಮೀಟರಿಗೆ ಅವಳಿಗೆ ಇನ್ನೂ ಗಡುವಿಗಿಂತ ಐದಾರು ಸೆಕೆಂಡು ಹೆಚ್ಚು ಬೇಕಾಗುತ್ತಿತ್ತು. ಅಂದಿನಿಂದ ಖಾಜಾಬಿ ತನ್ನ ಮೊಬೈಲು ಹಿಡಿದು ದಿನವೂ ಶಾಲೆಯ ಬಯಲಿಗೆ ಹೋಗಿ ಹೊತ್ತು ಎಣಿಸತೊಡಗಿದಳು. ನಾನು ಸಂಜೆಯ ಭೇಟಿಗಳನ್ನು ಆ ಓಣಿಯಲ್ಲೇ ಮುಗಿಸುವಂತೆ ಇಟ್ಟುಕೊಂಡೆ. ಒಂದು ಸೆಕೆಂಡು ಇಳಿದ ದಿನ ಖಾಜಾಬಿ ಬಯಲಿನಿಂದಲೇ ಫೋನು ಮಾಡುತ್ತಿದ್ದಳು.

ಬಾಗಲಕೋಟೆಯ ಮೈದಾನಕ್ಕೆ ಹೋಗುವ ದಿನ ಕೂಸಿಗೆ ಆರು ತಿಂಗಳು ತುಂಬಿ ಎಂಟು ದಿನ. ಮಾಯಾಳ ಗಂಡ ಕೆರೂರಿನಿಂದ ನೇರವಾಗಿ ಬರುವವನಿದ್ದ. "ನೀವೂ ಬರ್ರಿ ಬಾಯಾರ, ನನಗೊಬ್ಬಾಕಿಗೆ ಧೈರ್ಯ ಸಾಲಂಗಿಲ್ಲ," ಎಂದು ಹನುಮವ್ವ ಕರೆದಳು. ರಜೆ ಹಾಕಿ ಹೊರಟೆ. ಗುಡೂರಿನಿಂದ ಬಸ್ಸಿನಲ್ಲಿ ಕೂಸು ನನ್ನ ತೊಡೆಯ ಮೇಲೇ ಇತ್ತು, ಈಗ ಅದನ್ನು ಎತ್ತಿದರೆ ಕೈ ಸೋಲುತ್ತಿತ್ತು. ಗೇಟಿನ ಹೊರಗೆ ಕುಡಿಸಿ, ಕೂಸನ್ನು ತಾಯಿಯ ಕೈಗೆ ಕೊಟ್ಟು ಮಾಯಾ ಒಳಗೆ ಹೋದಳು. ನಮ್ಮನ್ನು ಒಳಗೆ ಬಿಡಲಿಲ್ಲ. ಬೇವಿನ ಗಿಡದ ಕೆಳಗೆ ಕುಳಿತೆವು. ಕಾಂಪೌಂಡಿನ ಆಚೆ ಸೀಟಿ ಊದುವುದು, ಹೆಸರು ಕರೆಯುವುದು ಕೇಳಿಸುತ್ತಿತ್ತು, ಏನೂ ಕಾಣುತ್ತಿರಲಿಲ್ಲ. ಬಿಸಿಲೇರಿತು. ಕೂಸು ಹಸಿದು ಅಳತೊಡಗಿತು. ಗಂಡ ಬಿಸ್ಕಿಟು ತರುತ್ತೇನೆ ಎಂದು ಎದ್ದ. "ಸುಮ್ಮ ಕುಂಡ್ರು, ಬರ್ತಾಳ," ಎಂದಳು ಹನುಮವ್ವ.

ಮಾಯಾ ಗೇಟಿನಿಂದ ಹೊರಬಂದಾಗ ಅವಳ ಅಂಗಿ ಬೆವರಿಗೆ ಮೈಗಂಟಿತ್ತು. ಎರಡು ಬೆರಳು ತೋರಿಸಿದಳು. ಗಡುವಿಗೆ ಎರಡು ಸೆಕೆಂಡು ಇರುವಾಗಲೇ ಗೆರೆ ಮುಟ್ಟಿದ್ದಳು. ಗಿಡದ ಬುಡದಲ್ಲಿ ಕುಸಿದು ಕುಳಿತು, ಇನ್ನೂ ಏದುತ್ತಲೇ ಇದ್ದಳು. ಹನುಮವ್ವ ಬಾಟಲಿಯ ನೀರು ಕುಡಿಸಿದಳು, ಚೀಲದಿಂದ ಒದ್ದೆ ಬಟ್ಟೆ ತೆಗೆದು ಅವಳ ಕೊರಳು ಎದೆ ಒರೆಸಿದಳು. ಆಮೇಲೆ ತನ್ನ ಸೆರಗನ್ನು ಅಡ್ಡ ಹಿಡಿದು, ಕೂಸನ್ನು ಮಗಳ ತೊಡೆಗೆ ಹಾಕಿದಳು.